ಪೋಸ್ಟರ್ ಮಾಡಿದ ತಪ್ಪು, ಬೈಗುಳ ತಿಂದ ಸಿನಿಮಾ

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಲ್ಲಿ ನಾವು ಆರು ಜನ ಒಂದೇ ಲ್ಯಾಪ್‌ಟಾಪ್ ಸುತ್ತ ಕೂತಿದ್ವಿ. ಪ್ಲ್ಯಾನ್ ಏನಪ್ಪಾ ಅಂದ್ರೆ, ದೊಡ್ಡ ಸಿನಿಮಾಗಳ ಹೆಸರಿಗೆ ಜೋತು ಬಿದ್ದಿರೋ ಡಬ್ಬಾ ಅನಿಮೇಷನ್ ಸಿನಿಮಾಗಳನ್ನ ಹಾಕ್ಕೊಂಡು ನಗೋದು. ಮೊದಲು ಬ್ರೆಜಿಲ್‌ನ 'ರಾಟಟೋಯಿಂಗ್' ನೋಡಿದ್ವಿ. ಅಡುಗೆ ಮಾಡೋ ಇಲಿ, 2007, ಉಳಿದದ್ದು ನಿಮಗೇ ಗೊತ್ತಾಗತ್ತೆ. ಅದನ್ನ ನೋಡಿ ನಾನೂ ನಕ್ಕೆ, ಈಗಲೂ ನಗ್ತೀನಿ. ಅದರ ಪರ ವಕಾಲತ್ತು ವಹಿಸೋಕೆ ನಾನು ಇದನ್ನ ಬರೀತಿಲ್ಲ.

ಆಮೇಲೆ ಒಬ್ಬ 'ಫ್ರೋಜನ್ ಲ್ಯಾಂಡ್' ಹಾಕಿದ. ಡಿವಿಡಿ ಕವರ್ ನೋಡಿದ್ರೆ ಸಾಕು, ಡಿಸ್ನಿಯ 'ಫ್ರೋಜನ್' ಲೋಗೋವನ್ನೇ ಎತ್ತಿ ಇಟ್ಟ ಹಾಗಿದೆ. "ಎಲ್ಸಾ ಎಲ್ಲಿ ಗುರೂ?" ಅಂತ ಹತ್ತು ನಿಮಿಷ ಎಲ್ಲರೂ ಕಾಮಿಡಿ ಮಾಡಿದ್ರು. ಇಪ್ಪತ್ತನೇ ನಿಮಿಷಕ್ಕೆ ಐದು ಜನ ಫೋನ್ ಒಳಗೆ ಹೋಗಿದ್ರು. ನಾನೊಬ್ಬ ಮಾತ್ರ ಕೊನೇವರೆಗೂ ನೋಡಿದೆ. ಯಾಕಂದ್ರೆ ಅದರಲ್ಲಿ ಎಲ್ಸಾ ಇರಲಿಲ್ಲ, ರಾಜಕುಮಾರಿ ಇರಲಿಲ್ಲ, ಅರಮನೆ ಇರಲಿಲ್ಲ. ಹಸಿವಿನಿಂದ ಸಾಯ್ತಿರೋ ಒಂದು ಜನ ಇತ್ತು.

ಆ ಸಿನಿಮಾದ ನಿಜವಾದ ಹೆಸರು 'ದಿ ಲೆಜೆಂಡ್ ಆಫ್ ಸರಿಲಾ'. ಕೆನಡಾದ ಕ್ವಿಬೆಕ್‌ನಲ್ಲಿ ಆದದ್ದು, ನಿರ್ದೇಶಕಿ ನ್ಯಾನ್ಸಿ ಫ್ಲಾರೆನ್ಸ್ ಸವಾರ್ಡ್. ಕಥೆ ನಡೆಯೋದು 1910ರಲ್ಲಿ, ಕೆನಡಾದ ಉತ್ತರ ತುದಿಯ ಇನುಯಿಟ್ ಜನರ ಮಧ್ಯೆ. ಬೇಟೆ ಸಿಗ್ತಿಲ್ಲ, ಪ್ರಾಣಿಗಳೆಲ್ಲ ಮಾಯ. ಮಾರ್ಕುಸಿ, ಪೌಟುಲಿಕ್, ಅಪಿಕ್ ಅನ್ನೋ ಮೂರು ಜನ ಹುಡುಗರು (ಅಪಿಕ್ ಹುಡುಗಿ) ಸರಿಲಾ ಅನ್ನೋ ಸಮೃದ್ಧ ನಾಡನ್ನ ಹುಡುಕಿಕೊಂಡು ಹೊರಡ್ತಾರೆ. ಊರಲ್ಲಿ ಕ್ರೂಲಿಕ್ ಅನ್ನೋ ಶಾಮನ್ ಇದಾನೆ. ಶಾಮನ್ ಅಂದ್ರೆ, ನಮ್ಮ ಕರಾವಳಿ ಕಡೆ ಪಾತ್ರಿ ಅಂತಾರಲ್ಲ, ಹೆಚ್ಚುಕಮ್ಮಿ ಆ ಥರ, ದೈವಗಳ ಜೊತೆ ಮಾತಾಡೋನು. ಮಾರ್ಕುಸಿಗೂ ಆ ಶಕ್ತಿ ಇದೆ, ಆದರೆ ಅವನು ಮುಚ್ಚಿಟ್ಟುಕೊಂಡಿದಾನೆ. ಮುದುಕನಿಗೆ ಅದೇ ಭಯ.

ಪ್ರಾಣಿಗಳನ್ನ ಅಡಗಿಸಿಟ್ಟಿರೋದು ಸೆಡ್ನಾ, ಇನುಯಿಟ್ ಜನರ ಸಮುದ್ರದ ದೇವತೆ. ಅವಳ ಬಗ್ಗೆ ನಾನು ಆಮೇಲೆ ಓದಿದೆ. ಆ ಜನರ ಕಥೆಗಳಲ್ಲಿ ಸೆಡ್ನಾನ ಅವಳ ಅಪ್ಪನೇ ದೋಣಿಯಿಂದ ಸಮುದ್ರಕ್ಕೆ ತಳ್ತಾನೆ. ಅವಳು ದೋಣಿಯ ಅಂಚು ಹಿಡಿದಾಗ ಬೆರಳು ಕತ್ತರಿಸ್ತಾನೆ. ಆ ಬೆರಳುಗಳೇ ಸೀಲ್, ತಿಮಿಂಗಿಲ ಆಗಿ ಈಜಿ ಹೋಗ್ತವೆ. ಜನ ಕಟ್ಟಳೆ ಮುರಿದಾಗ ಅವಳು ಪ್ರಾಣಿಗಳನ್ನ ತನ್ನ ಹತ್ತಿರಾನೇ ಇಟ್ಟುಕೊಳ್ತಾಳೆ. ಆಗ ಶಾಮನ್ ಸಮುದ್ರದ ತಳಕ್ಕೆ ಹೋಗಿ ಅವಳ ತಲೆ ಬಾಚಬೇಕು. ಯಾಕೆ? ಬಾಚಿಕೊಳ್ಳೋಕೆ ಅವಳಿಗೆ ಬೆರಳಿಲ್ಲ. ಇದನ್ನ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಲೋಕದಿಂದ ಬಂದ ಕಥೆಗೆ ನಾವು 'ಎಲ್ಸಾ ಎಲ್ಲಿ' ಅಂತ ಕೇಳ್ತಿದ್ವಿ.

ಈಗ ತಾರೀಕು ನೋಡಿ. 'ಸರಿಲಾ' ಕೆನಡಾದಲ್ಲಿ ರಿಲೀಸ್ ಆಗಿದ್ದು 2013ರ ಮಾರ್ಚ್‌ನಲ್ಲಿ. 'ಫ್ರೋಜನ್' ಬಂದಿದ್ದು ಅದೇ ವರ್ಷ ನವೆಂಬರ್‌ನಲ್ಲಿ. ಅನಿಮೇಷನ್ ಸಿನಿಮಾ ಮಾಡೋಕೆ ವರ್ಷಗಟ್ಟಲೆ ಬೇಕು. ಇನ್ನೂ ಬಾರದ ಸಿನಿಮಾನ ಕಾಪಿ ಹೊಡೆಯೋದು ಹೇಗೆ ಸ್ವಾಮಿ? ಆಗಿದ್ದು ಇಷ್ಟೇ. ಅಮೆರಿಕದಲ್ಲಿ ಇದನ್ನ ಹಂಚಿಕೆಗೆ ತಗೊಂಡಿದ್ದು 'ಫೇಸ್ ಫೋರ್ ಫಿಲ್ಮ್ಸ್' ಅನ್ನೋ ಕಂಪನಿ. ನವೆಂಬರ್ ಶುರುವಲ್ಲಿ ಸ್ವಂತ ಹೆಸರಲ್ಲೇ ಥಿಯೇಟರ್‌ಗೆ ಬಿಟ್ಟಾಗ ಯಾರೂ ನೋಡಲಿಲ್ಲ. ಡಿಸ್ನಿ ಸಿನಿಮಾ ಧೂಳೆಬ್ಬಿಸೋ ಹೊತ್ತಿಗೆ ಇವರು ಡಿವಿಡಿ ಮೇಲೆ 'ಫ್ರೋಜನ್ ಲ್ಯಾಂಡ್' ಅಂತ ಹೆಸರು ಬದಲಿಸಿ, ಅದೇ ಥರದ ಅಕ್ಷರ ಹಾಕಿ ಮಾರಿದ್ರು. ಡಿಸೆಂಬರ್‌ನಲ್ಲಿ ಡಿಸ್ನಿ ಕೋರ್ಟ್‌ಗೆ ಹೋಯ್ತು. 2014ರ ಜನವರಿಯಲ್ಲಿ ರಾಜಿ ಆಯ್ತು. ಆ ಕಂಪನಿ 1 ಲಕ್ಷ ಡಾಲರ್ ಕೊಟ್ಟು, ಇನ್ನು ಆ ಹೆಸರು ಬಳಸಲ್ಲ ಅಂತ ಒಪ್ಪಿಕೊಳ್ತು.

ಗಮನಿಸಿ, ಕೇಸ್ ಇದ್ದಿದ್ದು ಹೆಸರು ಮತ್ತು ಲೋಗೋ ಬಗ್ಗೆ, ಕಥೆ ಕದ್ದಿದಾರೆ ಅಂತ ಅಲ್ಲ. ಡಿಸ್ನಿ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಅಂಗಡಿಗೆ ಹೋದ ಅಪ್ಪ ಅಮ್ಮ ಮೋಸ ಹೋಗಬಾರದು ಅನ್ನೋದು ಸರಿಯಾದ ವಾದವೇ. ಆದರೆ ದಂಡ ಕಟ್ಟಿ ಆ ಕಂಪನಿ ಎದ್ದು ಹೋಯ್ತು, ಕೆಟ್ಟ ಹೆಸರು ಮಾತ್ರ ಸಿನಿಮಾದ ಮೇಲೆ ಉಳೀತು. ಇವತ್ತಿಗೂ ನಕಲಿ ಸಿನಿಮಾಗಳ ಪಟ್ಟಿ ಮಾಡೋವಾಗ ಇದೂ ಸೇರಿಕೊಳ್ಳತ್ತೆ. ನಮ್ಮ ದೇಶದ ಸಿನಿಮಾಗೂ ಹೀಗಾಗಿದೆ. ಶೆಮಾರೂ ಅವರ 2011ರ 'ಸೂಪರ್ ಕೆ' ಅಮೆರಿಕಕ್ಕೆ ಹೋದಾಗ 'ಕಿಯಾರಾ ದಿ ಬ್ರೇವ್' ಆಯ್ತು, ಪಿಕ್ಸಾರ್‌ನ 'ಬ್ರೇವ್' ಪಕ್ಕ ನಿಲ್ಲಿಸೋಕೆ. ತಮಾಷೆ ಅಂದ್ರೆ ಅದರ ಹೀರೋ ಒಬ್ಬ ಹುಡುಗ!

"ಆದ್ರೂ ಗ್ರಾಫಿಕ್ಸ್ ಕಚಡಾ ಮಗಾ" ಅಂದ ನನ್ನ ರೂಮ್‌ಮೇಟ್. ಕಚಡಾ ಅಲ್ಲ, ಬಡತನ. ಇಲ್ಲಿ ಇಂಜಿನಿಯರ್‌ಗಳಾಗಿ ಸ್ವಲ್ಪ ಯೋಚನೆ ಮಾಡೋಣ. 'ಫ್ರೋಜನ್' ಬಜೆಟ್ 15 ಕೋಟಿ ಡಾಲರ್. ಅದರ ಹಿಮಕ್ಕಾಗೇ ಡಿಸ್ನಿಯವರು ಯುಸಿಎಲ್‌ಎ ಗಣಿತಜ್ಞರ ಜೊತೆ ಸೇರಿ ಹೊಸ ಸಿಮ್ಯುಲೇಷನ್ ಬರೆದು, 2013ರ ಸಿಗ್ರಾಫ್‌ನಲ್ಲಿ ಪೇಪರ್ ಕೊಟ್ಟರು. ಮಟೀರಿಯಲ್ ಪಾಯಿಂಟ್ ಮೆಥಡ್ ಅಂತ. ಹಿಮದ ಒಂದೊಂದು ಕಣಾನೂ ತನ್ನ ತೂಕ, ವೇಗ ಹೊತ್ಕೊಂಡು ಓಡಾಡತ್ತೆ. ಪ್ರತಿ ಹೆಜ್ಜೆಗೂ ಅದನ್ನ ಒಂದು ಗ್ರಿಡ್‌ಗೆ ಹಾಕಿ ಬಲ ಎಷ್ಟು ಅಂತ ಲೆಕ್ಕ ಹಾಕಿ, ಮತ್ತೆ ಕಣಗಳಿಗೆ ವಾಪಸ್ ಕೊಡ್ತಾರೆ. ಹಿಮ ಗಟ್ಟಿಯೂ ಅಲ್ಲ ದ್ರವವೂ ಅಲ್ಲ, ಅದಕ್ಕೇ ಇಷ್ಟು ಕಷ್ಟ. ಆ ಪೇಪರ್ ಓದೋಕೆ ಹೋಗಿ ನಾನು ಎರಡನೇ ಪೇಜಿಗೇ ಕೈ ಮುಗಿದೆ. ಅಂಥ ಹಿಮದ ಪಕ್ಕ ಸರಿಲಾದ ಹಿಮ ಇಟ್ಟರೆ ಥರ್ಮಾಕೋಲ್ ಥರ ಕಾಣಿಸದೆ ಇನ್ನೇನು?

ಸಿನಿಮಾದಲ್ಲಿ ತಪ್ಪಿಲ್ಲ ಅಂತ ಹೇಳ್ತಿಲ್ಲ. ಮುಖಗಳು ಮರದ ಗೊಂಬೆ ಥರ ಬಿಗಿಯಾಗಿವೆ. ಕಾಮಿಡಿಗೆ ಅಂತ ಇಟ್ಟಿರೋ ಲೆಮಿಂಗ್ (ಒಂಥರಾ ಇಲಿ) ನಿಜಕ್ಕೂ ತಲೆನೋವು. ಮಧ್ಯದಲ್ಲಿ ಕಥೆ ಕುಂಟತ್ತೆ. ಇಂಗ್ಲಿಷ್ ಅವತರಣಿಕೆಯಲ್ಲಿ ಇನುಯಿಟ್ ಗಾಯಕಿ ಎಲಿಸಾಪಿ ಐಸಾಕ್ ಇದ್ದರೂ ಮುಖ್ಯ ಪಾತ್ರಗಳಿಗೆ ದನಿ ಕೊಟ್ಟೋರು ಹೆಚ್ಚಾಗಿ ಇನುಯಿಟ್ ಅಲ್ಲದೋರು. ಈ ಸಿನಿಮಾನ ಬೈಯಲೇಬೇಕು ಅಂದ್ರೆ ಇದಕ್ಕೆ ಬೈಯಿರಿ, ನಾನೂ ಜೊತೆಗೆ ಬರ್ತೀನಿ. ಆದರೆ ಕ್ರೂಲಿಕ್ ಪಾತ್ರಕ್ಕೆ ಕ್ರಿಸ್ಟೋಫರ್ ಪ್ಲಮರ್ ದನಿ ಕೇಳಿ. ಗ್ರಾಫಿಕ್ಸ್‌ಗೆ ಆಗದ ಕೆಲಸಾನ ಆ ಮುದುಕನ ಗಂಟಲು ಮಾಡತ್ತೆ.

ನನಗೆ ಯಾಕೆ ಇಷ್ಟು ಉರಿ ಅಂತ ಕೇಳಬಹುದು. ಹೋದ ವರ್ಷ ಫೆಸ್ಟ್‌ಗೆ ನಾವು ಮೂವರು ಬ್ಲೆಂಡರ್‌ನಲ್ಲಿ ಎರಡೂವರೆ ನಿಮಿಷದ ಸಿನಿಮಾ ಮಾಡಿದ್ವಿ. ನಮ್ಮಜ್ಜಿ ಹೇಳಿದ ಕಥೆ: ಅವರಪ್ಪ ರಾತ್ರಿ ಗದ್ದೆ ಮಾಳದಲ್ಲಿ ಕೂತು ಹಂದಿ ಕಾಯ್ತಿದ್ದದ್ದು, ಒಂದು ರಾತ್ರಿ ಕಾಯ್ತಾ ಕಾಯ್ತಾ ಹಂದಿ ಮೇಲೇ ಕನಿಕರ ಹುಟ್ಟಿದ್ದು. ನನ್ನ ಲ್ಯಾಪ್‌ಟಾಪ್ ಹನ್ನೊಂದು ರಾತ್ರಿ ರೆಂಡರ್ ಮಾಡಿ ಫ್ಯಾನ್ ಸುಟ್ಟುಕೊಂಡಿತು. ಜನ ಬರಲಿ ಅಂತ ಪೋಸ್ಟರ್ ಮಾಡಿದೋರು ನಮ್ಮನ್ನ ಕೇಳದೆ 'ಕಾಂತಾರ: ಅನಿಮೇಟೆಡ್' ಅಂತ ಹಾಕಿಬಿಟ್ಟರು. ಹಂದಿ ಇದೆಯಲ್ಲ, ಸಾಕು! ಹಾಲ್ ತುಂಬಿತು. ಒಂದು ನಿಮಿಷಕ್ಕೆ ಶಿಳ್ಳೆ, ಎರಡನೇ ನಿಮಿಷಕ್ಕೆ ನಗು, ಮುಗಿಯೋ ಹೊತ್ತಿಗೆ ಅರ್ಧ ಹಾಲ್ ಖಾಲಿ. "ಕಾಪಿ ಹೊಡೆಯೋಕೂ ಬರಲ್ಲ ಇವರಿಗೆ" ಅಂತ ಒಬ್ಬ ಹೇಳಿದ್ದು ನನ್ನ ಕಿವಿಗೇ ಬಿತ್ತು.

ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಫೋನಲ್ಲಿ ತೋರಿಸಿದೆ. ಅವರಿಗೆ ಕಾಂತಾರ ಗೊತ್ತಿಲ್ಲ, ಪೋಸ್ಟರೂ ಗೊತ್ತಿಲ್ಲ. ಪೂರ್ತಿ ನೋಡಿ, "ಹಂದಿ ಕಾಲು ನೆಲಕ್ಕೆ ತಾಗದೇ ಇಲ್ಲವಲ್ಲ ಮಾರಾಯ" ಅಂದ್ರು. ಆಮೇಲೆ ಸುಮ್ಮನೆ ಇದ್ದು, "ಅಪ್ಪಯ್ಯ ಹಿಂಗೇ ಕಂಬಳಿ ಹೊದ್ದು ಕೂರ್ತಿದ್ರು" ಅಂದ್ರು. ಹಂದಿ ಕಾಲಿನ ಮಾತು ನಿಜ, ಅದನ್ನ ನಾನು ಈಗ ಸರಿ ಮಾಡ್ತಿದೀನಿ.

ಸರಿಲಾದ ತಾರೀಕಿನ ವಿಷಯ ರೂಮ್‌ಮೇಟ್‌ಗೆ ಹೇಳಿದೆ. "ಮಾರ್ಚಾ? ಹೌದಾ?" ಅಂತ ಒಂದು ನಿಮಿಷ ಯೋಚನೆ ಮಾಡಿದ. ಬ್ಯಾಕ್‌ಲಾಗ್ ಎಕ್ಸಾಮ್ ಮುಗಿದ ಮೇಲೆ ಮೊದಲಿಂದ ನೋಡ್ತಾನಂತೆ. ಇನ್ನೂ ಯಾರಾದ್ರೂ ಬರೋರಿದ್ದರೆ ನಮ್ಮ ರೂಮಲ್ಲಿ ಜಾಗ ಇದೆ. ಬಾಗಿಲ ಮೇಲೆ ಪೋಸ್ಟರ್ ನಾನೇ ಬರೆದು ಅಂಟಿಸ್ತೀನಿ, 'ಸರಿಲಾ' ಅಂತ.