ಪಿಕಪ್ಪಿನ ಕೀಲಿಕೈ ಯಾರ ಕೈಗೆ?



ಕಾಫಿ ಕೊಯ್ಲು, ಅಡಿಕೆ ಸುಗ್ಗಿ ಎರಡೂ ಮುಗಿಯುತ್ತ ಬಂದಾಗ ನಮ್ಮಲ್ಲೊಂದು ರೂಢಿಯುಂಟು. ರಾಯಚೂರು, ದೇವದುರ್ಗ, ಮಾನ್ವಿ ಕಡೆಯಿಂದ ಬಂದ ಆಳುಗಳ ಲೆಕ್ಕ ಚುಕ್ತಾ ಮಾಡಿ, ಪಾತ್ರೆ ಪಡಗ, ಮಕ್ಕಳುಮರಿ ಸಮೇತ ಪಿಕಪ್ಪಿನಲ್ಲಿ ತುಂಬಿ, ಊರಿಗೆ ಬಿಟ್ಟು ಬರಲು ಮನೆಯ ಹುಡುಗನನ್ನು ಕಳಿಸುವುದು. ಅವನಿಗೆ ಲೈಸೆನ್ಸು ಬಂದು ಮೂರು ತಿಂಗಳಾಗಿರುತ್ತದೆ. "ಘಟ್ಟದಲ್ಲಿ ಓಡಿಸಿದವನಿಗೆ ಬಯಲುಸೀಮೆ ಯಾವ ಲೆಕ್ಕ?" ಎಂದು ಹಿರಿಯರು ಹುರಿದುಂಬಿಸುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಘಟ್ಟದ ತಿರುವು ಚಾಲಕನನ್ನು ಎಚ್ಚರವಾಗಿಡುತ್ತದೆ. ಬಯಲಿನ ನೇರ ರಸ್ತೆ ತೂಗಿ ಮಲಗಿಸುತ್ತದೆ. ಸಿಂಧನೂರು ದಾಟಿ ಮಾನ್ವಿಯತ್ತ ಹೊರಟರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಹಿಂದೀಪವಿಲ್ಲದ ಟ್ರಾಕ್ಟರುಗಳು ರಸ್ತೆಯ ಅಗಲಕ್ಕೂ ಹುಲ್ಲು ಹೇರಿಕೊಂಡು ಹೋಗುತ್ತಿರುತ್ತವೆ. ಕೆಲವೆಡೆ ಡಾಂಬರಿನ ಮೇಲೆಯೇ ಕಾಳು ಹರವಿ, ಸುತ್ತ ಕಲ್ಲಿಟ್ಟಿರುತ್ತಾರೆ. (ನಾವೂ ಅಡಿಕೆ ಹರವಲು ರಸ್ತೆ ಹುಡುಕುವವರೇ, ಅವರನ್ನು ಬೈದು ಫಲವಿಲ್ಲ.) ದೇವದುರ್ಗದ ಕಡೆ ಎರೆಮಣ್ಣು, ಒಂದು ಹದ ಮಳೆಯಾದರೆ ರಸ್ತೆಯ ಅಂಚಿಗಿಳಿದ ಗಾಲಿ ಜಾರುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡದ್ದು ಮನಸ್ಸಿಗೆ ಬಂದು ಕಾಲು ಬ್ರೇಕಿಗೆ ಹೋಗಲು ಆ ಒಂದು ಸೆಕೆಂಡು ಬೇಕು. ಆಮೇಲೆ ನಿಲ್ಲಲು ಒಣ ರಸ್ತೆಯಲ್ಲೂ ಮತ್ತೆ 40 ಮೀಟರಿನಷ್ಟು. ಡಿಮ್ ದೀಪದ ಬೆಳಕಾದರೋ ಸುಮಾರು 40-50 ಮೀಟರಿಗೆ ಮುಗಿಯುತ್ತದೆ. ಎಂದರೆ ಹುಲ್ಲಿನ ಟ್ರಾಕ್ಟರು ಕಂಡಾಗಲೇ ಕಾಲ ಮಿಂಚಿರುತ್ತದೆ. ಹೇರು ತುಂಬಿದ ಗಾಡಿ ಇನ್ನೂ ಮುಂದೆ ಹೋಗುತ್ತದೆ. 50ರಲ್ಲಿ ಹೋದವನು 30 ಮೀಟರಿನೊಳಗೆ ನಿಲ್ಲಿಸಬಲ್ಲ.

2024ರ ಸೆಪ್ಟೆಂಬರ್ 5ರಂದು ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲೆಯ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು. ತಪ್ಪು ಯಾರದೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಹುಡುಗನನ್ನು ಕಳಿಸುವ ರಸ್ತೆ ಎಂಥದೆಂದು ತಿಳಿದಿರಲಿ. 2025ರ ಜನವರಿ 22ರ ನಸುಕಿನಲ್ಲಿ, ನಮ್ಮ ಅಡಿಕೆ ಸೀಮೆಯದೇ ಆದ ಯಲ್ಲಾಪುರ ತಾಲ್ಲೂಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಉರುಳಿ 10 ಮಂದಿ ಸತ್ತರು. ಅವರು ತರಕಾರಿಯೊಡನೆ ಅದೇ ಲಾರಿಯಲ್ಲಿ ಹೊರಟಿದ್ದ ವ್ಯಾಪಾರಿಗಳು.

ನಮ್ಮ ಪಿಕಪ್ಪುಗಳೂ ಸರಕು ಗಾಡಿಗಳೇ. ಹಿಂದೆ ಕೂತ ಆಳಿಗೆ ಏನಾದರೂ ಆದರೆ ವಿಮೆ ಸಿಗುವುದು ದುರ್ಲಭ, ಹೊರೆ ಮಾಲೀಕನ ತಲೆಗೆ. ಕಾರಿನ ಲೈಸೆನ್ಸಿನಲ್ಲೇ 7,500 ಕಿಲೋ ತೂಕದವರೆಗಿನ ಸಾಗಾಣಿಕೆ ವಾಹನ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ನಿಜ. ಅದರಿಂದ ಕಾಗದ ಸರಿಯಾಯಿತು, ಕೈ ಪಳಗಲಿಲ್ಲ. ಇನ್ನು ಹದಿನೆಂಟು ತುಂಬದ ಮಗನಿಗೆ ಕೀಲಿಕೈ ಕೊಡುವವರಿಗೆ 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ.

ಹೊಸಬನು ಮೊದಲು ಖಾಲಿ ಗಾಡಿ ಓಡಿಸಲಿ, ಹಗಲಲ್ಲಿ, ಪಕ್ಕದಲ್ಲಿ ಪಳಗಿದವರೊಬ್ಬರಿರಲಿ. ನಂತರ ಗೊಬ್ಬರದ ಮೂಟೆ ಹೇರಿ ಸಂಘದವರೆಗೆ ಬರಲಿ; ಹೇರಿದ ಗಾಡಿಯ ಬ್ರೇಕು ಎಷ್ಟು ತಡವಾಗಿ ಹಿಡಿಯುತ್ತದೆಂದು ಅವನ ಕಾಲಿಗೇ ಗೊತ್ತಾಗಬೇಕು. ಎದುರು ಗಾಡಿಗೆ ದೀಪ ತಗ್ಗಿಸುವುದು, ಮೊಬೈಲನ್ನು ಜೇಬಿನಲ್ಲೇ ಬಿಡುವುದು ಮೊದಲ ದಿನದಿಂದಲೇ ರೂಢಿಯಾಗಲಿ. ರಾತ್ರಿಯ ದೂರ ಪಯಣ ಮೊದಲ ವರ್ಷ ಬೇಡವೇ ಬೇಡ.

ಆಳುಗಳನ್ನು ಕಳಿಸುವುದಕ್ಕೆ ನಮ್ಮ ಸಲಹೆ ಬೇರೆಯೇ ಇದೆ. ನಾಲ್ಕಾರು ತೋಟದವರು ಕೂಡಿದರೆ ಸಾರಿಗೆ ಸಂಸ್ಥೆಯ ಒಪ್ಪಂದದ ಬಸ್ಸೊಂದನ್ನು ಗೊತ್ತುಮಾಡಬಹುದು; ಬಾಡಿಗೆ ಹಂಚಿಕೊಂಡರೆ ಯಾರಿಗೂ ಭಾರವಾಗದು. ಇಷ್ಟವಿರುವ ಸದಸ್ಯರು ಎಷ್ಟು ಜನ, ಯಾವ ಊರು, ಲೆಕ್ಕ ಚುಕ್ತಾ ಆಗುವ ದಿನ ಯಾವುದೆಂದು ಬರೆದು ಜನವರಿ ಮುಗಿಯುವುದರೊಳಗೆ ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.