ಉಡುಪಿನ ಕಥೆ ಇನ್ನು ಸಾಕು

ನಟಿ ಜಯಂತಿಯವರು 2021ರ ಜುಲೈ 26ರಂದು ತೀರಿಕೊಂಡರು. ಅವರ ಮಾತು ಬಂದಾಗಲೆಲ್ಲ ನಮ್ಮ ಬರೆಹಗಾರರಿಗೆ ಮೊದಲು ನೆನಪಾಗುವುದು 'ಮಿಸ್ ಲೀಲಾವತಿ' (1965) ಚಿತ್ರದ ಈಜುಡುಗೆ. ಕನ್ನಡ ತೆರೆಯ ಮೇಲೆ ಅದನ್ನು ಮೊದಲು ತೊಟ್ಟವರು ಇವರೇ ಎಂದು ಒಬ್ಬರು ಬರೆದರೆ ಮತ್ತೊಬ್ಬರು ಅದನ್ನೇ ಎತ್ತಿ ಬರೆಯುತ್ತಾರೆ. ಇದು ಶ್ರದ್ಧಾಂಜಲಿಯೋ, ದರ್ಜಿಯ ಲೆಕ್ಕದ ಪುಸ್ತಕವೋ? 'ಜೇಡರ ಬಲೆ'ಯಲ್ಲಿ (1968) ಸೂಟು ತೊಟ್ಟು ಪತ್ತೇದಾರನಾದ ರಾಜಕುಮಾರರನ್ನು ಆ ಸೂಟಿನಿಂದ ಅಳೆದವರು ಯಾರಾದರೂ ಉಂಟೆ? ಅದೇ ಚಿತ್ರದ ನಾಯಕಿಯನ್ನು ಅಳೆಯುವಾಗ ಮಾತ್ರ ಗಜಕಡ್ಡಿ ಹೊರಬರುತ್ತದೆ.

ಅವರ ಪರವಾಗಿ ನಿಲ್ಲುವ ಇನ್ನೊಂದು ಗುಂಪು ಇದೆ. 'ಅಭಿನಯ ಶಾರದೆ' ಎಂಬ ಬಿರುದನ್ನು ಉಚ್ಚರಿಸಿ ಕೈಮುಗಿದರೆ ಇವರ ಕೆಲಸ ಮುಗಿಯಿತು. ಬೆಡಗು ಹೊಟ್ಟೆಪಾಡಿಗೆ, ಪ್ರತಿಭೆಯೆಲ್ಲ ಕಣ್ಣೀರಿನ ಪಾತ್ರಗಳಿಗೆ ಎಂಬುದು ಇವರ ವಾದ. ಈ ಸಮರ್ಥನೆ ಆ ನಿಂದೆಗಿಂತ ಮೇಲಲ್ಲ. ಜಯಂತಿಯವರಲ್ಲಿ ಬೆಡಗೂ ಅಭಿನಯವೂ ಎರಡು ಬೇರೆ ಖಾತೆಗಳಾಗಿರಲಿಲ್ಲ. ಸ್ವಚ್ಛಂದವಾಗಿ ಬೆಳೆದ ಲೀಲಾವತಿಯ ಪಾತ್ರಕ್ಕೆ ಆ ಉಡುಪು ಸಹಜವಾಗಿ ಒಪ್ಪುತ್ತದೆ. ನಮ್ಮವರು ಪಾತ್ರವನ್ನು ಮರೆತು ಉಡುಪನ್ನು ಉಳಿಸಿಕೊಂಡರು.

'ಎಡಕಲ್ಲು ಗುಡ್ಡದ ಮೇಲೆ' (1973) ಚಿತ್ರದ ಮಾಧವಿಯನ್ನು ನೋಡಿ. ಗಂಡ ಸೈನ್ಯಾಧಿಕಾರಿ, ಯುದ್ಧದಲ್ಲಿ ಪುರುಷತ್ವ ಕಳೆದುಕೊಂಡವನು. ಅವನ ಮೇಲಿನ ಮರುಕ, ಪರಪುರುಷನತ್ತ ಹರಿಯುವ ಮನಸ್ಸು, ಅದಕ್ಕಾಗಿ ತನ್ನ ಬಗೆಗೇ ಹುಟ್ಟುವ ಅಸಹ್ಯ, ಈ ಮೂರನ್ನೂ ಒಂದೇ ಮುಖದಲ್ಲಿ ತೋರಬೇಕಾದ ಭೂಮಿಕೆ ಅದು. ಎಸ್. ಜಾನಕಿಯವರು ಹಾಡಿರುವ ವಿರಹಗೀತೆಯಲ್ಲಿ ಮಾಧವಿಯ ಕಣ್ಣು, ಕತ್ತು, ನಡಿಗೆ ಎಲ್ಲವೂ ಮಾತನಾಡುತ್ತವೆ. ಚೆಲುವೆಯೆಂಬ ಅರಿವಿಲ್ಲದ ನಟಿ ಆ ಪಾತ್ರವನ್ನು ಮುಟ್ಟಲಾರಳು. ತಾನು ಚೆಲುವೆ, ಆ ಚೆಲುವು ವ್ಯರ್ಥವಾಗುತ್ತಿದೆ ಎಂಬುದೇ ಮಾಧವಿಯ ಸಂಕಟ. ಜಯಂತಿಯವರು ಅವಳಿಗಾಗಿ ಪ್ರೇಕ್ಷಕರ ಕನಿಕರ ಬೇಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಧೈರ್ಯವೆಂದರೆ ಇದು.

'ಅದು ಪುಟ್ಟಣ್ಣ ಕಣಗಾಲರ ಕೈಚಳಕ' ಎನ್ನುವವರಿದ್ದಾರೆ. ಪುಟ್ಟಣ್ಣನವರ ಹಿರಿಮೆಯನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಜಯಂತಿಯವರಿಗೆ ಶ್ರೇಷ್ಠ ನಟಿಯೆಂದು ರಾಜ್ಯಪ್ರಶಸ್ತಿ ಬಂದದ್ದು ನಾಲ್ಕು ಬಾರಿ. 'ಎಡಕಲ್ಲು ಗುಡ್ಡದ ಮೇಲೆ', 'ಮಸಣದ ಹೂವು' ಪುಟ್ಟಣ್ಣನವರವು. 'ಮನಸ್ಸಿನಂತೆ ಮಾಂಗಲ್ಯ', 'ಧರ್ಮ ದಾರಿ ತಪ್ಪಿತು' ಅವರವಲ್ಲ. ಮಾಧವಿಗಿಂತ ನಾಲ್ಕು ವರ್ಷ ಮೊದಲೇ, ಕೆ. ಬಾಲಚಂದರ್ ಅವರ ತಮಿಳು ಚಿತ್ರ 'ಇರು ಕೋಡುಗಳ್'ನಲ್ಲಿ (1969), ಕಲೆಕ್ಟರಾದ ಸೌಕಾರ್ ಜಾನಕಿಯವರೆದುರು ಮುಗ್ಧ ಗೃಹಿಣಿಯಾಗಿ ಬೆಡಗಿನ ಹಂಗಿಲ್ಲದೆ ನಿಂತವರು ಇವರು. 'ಬಹದ್ದೂರ್ ಗಂಡು' (1976) ಚಿತ್ರದಲ್ಲಿ ರಾಜಕುಮಾರರೆದುರು ಸೊಕ್ಕಿನ ರಾಜಕುಮಾರಿ. ಅವಳ ಗರ್ವ ಮುರಿಯುವುದೇ ಕಥೆಯ ಗುರಿ. ಆದರೂ ಆ ಗರ್ವಕ್ಕೊಂದು ಘನತೆಯಿದೆ. ಅದು ಕಥೆಗಾರ ಕೊಟ್ಟದ್ದಲ್ಲ, ನಟಿ ತಂದದ್ದು.

ಅವರ ಎಲ್ಲ ಚಿತ್ರಗಳೂ ಈ ಮಟ್ಟದವೆಂದು ನಾನು ಹೇಳುತ್ತಿಲ್ಲ. ಮರ ಸುತ್ತಿ ಹಾಡುವುದಷ್ಟೇ ಉಳಿದ ಚಿತ್ರಗಳು ಬೇಕಾದಷ್ಟಿವೆ. ಉದ್ವೇಗದ ಸನ್ನಿವೇಶಗಳಲ್ಲಿ ಅಭಿನಯ ಒಂದು ಪಟ್ಟು ಹೆಚ್ಚಾಗುವುದೂ ಉಂಟು. ಹಾಗಿದ್ದರೆ ಅದನ್ನೇ ಬರೆಯಲಿ, ಅದಾದರೂ ವಿಮರ್ಶೆಯಾದೀತು.

ಭಾರತೀಸುತರ ಕಾದಂಬರಿಯನ್ನು ಸಾಲುಸಾಲಾಗಿ ಬಿಡಿಸಿ ಚರ್ಚಿಸಬಲ್ಲ ನಮ್ಮ ಕನ್ನಡ ಅಧ್ಯಾಪಕವರ್ಗಕ್ಕೆ, ಅದೇ ಕಥೆಗೆ ಜೀವ ತುಂಬಿದ ನಟಿಯ ಕುರಿತು ಒಂದು ಪುಟ ಬರೆಯಲು ಪುರುಸೊತ್ತಿಲ್ಲ. ನಾವು ಬಿಟ್ಟ ಜಾಗವನ್ನೇ ಉಡುಪಿನ ಕಥೆ ಆಕ್ರಮಿಸಿದೆ. ಮುಂದಿನ ಜುಲೈನಲ್ಲಿ ಜಯಂತಿಯವರನ್ನು ಸ್ಮರಿಸಹೊರಡುವವರು ಲೇಖನಿ ಹಿಡಿಯುವ ಮೊದಲು ಮಾಧವಿಯನ್ನು ಒಮ್ಮೆ ನೋಡಿ ಬರಲಿ.