ರಾಜಕೀಯ ಅಂಕಣಕ್ಕೆ ಬಿಡುವು, ಹೆಬ್ಬಾಳದ ಕಲ್ಲಿಗೆ ಜಾಗ

ಈ ಸಂಚಿಕೆಯಿಂದ ಕೆಲವು ತಿಂಗಳು ಪತ್ರಿಕೆಯಲ್ಲಿ ರಾಜಕೀಯ ಅಂಕಣ ಇರುವುದಿಲ್ಲ. ಅದನ್ನು ಬರೆಯುತ್ತಿದ್ದವರು ಆರ್.ಟಿ. ನಗರದ ನಿವಾಸಿ. ಪಕ್ಷಾಂತರ, ಸಂಪುಟ ವಿಸ್ತರಣೆ, ಉಪಚುನಾವಣೆಗಳ ಬೆನ್ನು ಹತ್ತಿದ್ದ ಅವರು, ಇನ್ನು ಸ್ವಲ್ಪ ಕಾಲ ತಮ್ಮ ಆಸುಪಾಸಿನ ಕೆರೆ, ಕಲ್ಲು, ಹಕ್ಕಿಗಳ ಬಗ್ಗೆ ಬರೆಯುತ್ತೇನೆ ಎಂದರು. ಪತ್ರಿಕೆ ಸಂತೋಷದಿಂದ ಒಪ್ಪಿತು. ಇಂಥ ಹೊತ್ತಿನಲ್ಲಿ ರಾಜಕೀಯ ಬಿಟ್ಟು ಕೆರೆಯ ಮಾತೇ ಎಂದು ಕೇಳುವ ಓದುಗರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ಕೊಡುವುದು ಪತ್ರಿಕೆಯ ಹೊಣೆ.

ಕನ್ನಡದಲ್ಲಿ ರಾಜಕೀಯ ಬರೆದ ದೊಡ್ಡವರು ರಾಜಕೀಯವನ್ನಷ್ಟೇ ಬರೆದು ಸುಮ್ಮನಾದವರಲ್ಲ. ಪಿ. ಲಂಕೇಶ್ ಬೆಂಗಳೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕರ ಕೆಲಸ ಬಿಟ್ಟು 1980ರ ಜುಲೈನಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಜಾಹೀರಾತನ್ನು ನೆಚ್ಚದ ವಾರಪತ್ರಿಕೆ ಅದು. ಆಗಿನ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರವನ್ನು ಬಿಡದೆ ಜಾಲಾಡಿತು. ಅದೇ ಪತ್ರಿಕೆಯ ಮೂಲೆಯೊಂದರಲ್ಲಿ ಲಂಕೇಶರ ಕಲ್ಪನೆಯ ನೀಲು ಎಂಬ ಹೆಣ್ಣು ಪ್ರೀತಿ, ಮೋಹ, ಮುಪ್ಪಿನ ಕುರಿತು ಕೆಲವೇ ಸಾಲುಗಳಲ್ಲಿ ಮಾತಾಡುತ್ತಿದ್ದಳು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದೂ ಅಲ್ಲಿಯೇ. ಮಂತ್ರಿಗಳ ಹಗರಣ ಓದಲೆಂದು ಕೊಂಡವರ ಕೈಗೆ ಕವಿತೆ, ಕಾದಂಬರಿಗಳೂ ಬಂದವು. ಲಂಕೇಶರ ಟೀಕೆಗೆ ಅಷ್ಟು ತೂಕವಿದ್ದದ್ದು ಈ ಕಾರಣಕ್ಕೂ ಹೌದು. ಮನುಷ್ಯನ ಬದುಕು ಎಷ್ಟು ವಿಸ್ತಾರವಾದದ್ದು ಎಂದು ಬಲ್ಲವರು ಅದನ್ನು ಆಡಳಿತಗಾರರು ಹೇಗೆ ಕುಗ್ಗಿಸುತ್ತಾರೆ ಎಂಬುದನ್ನೂ ಬರೆಯುತ್ತಿದ್ದರು.

ಅವರಿಗಿಂತ ಹಿಂದೆ ಡಿ.ವಿ.ಜಿ. ಪತ್ರಿಕೋದ್ಯಮಿಯಾಗಿ ಮೈಸೂರು ಸಂಸ್ಥಾನದ ಆಡಳಿತವನ್ನು ಒರೆಗೆ ಹಚ್ಚಿದರು, ರಾಜ್ಯಶಾಸ್ತ್ರದ ಮೇಲೆ ಪುಸ್ತಕ ಬರೆದರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಬೇಲೂರಿನ ಮದನಿಕೆಯರನ್ನು ಕಂಡು ‘ಅಂತಃಪುರ ಗೀತೆ’ ಬರೆದದ್ದೂ ಅವರೇ. ಆ ಗೀತೆ ಬರೆಯುವಾಗ ಅವರು ಸಾರ್ವಜನಿಕ ಜೀವನಕ್ಕೆ ಬೆನ್ನು ಮಾಡಿದರೆಂದು ಯಾರೂ ಹೇಳಲಾರರು.

ಕೆರೆಯ ಮಾತೇ ಎಂಬ ತಕರಾರು ಹೊಸದೂ ಅಲ್ಲ. ಜಾರ್ಜ್ ಆರ್ವೆಲ್ 1940ರ ದಶಕದಲ್ಲಿ ಲಂಡನ್ನಿನ ‘ಟ್ರಿಬ್ಯೂನ್’ ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದಾಗ ಹೂವಿನ ವಿಷಯ ತೆಗೆದದ್ದಕ್ಕೆ ಓದುಗರೊಬ್ಬರು ಸಿಟ್ಟಿನ ಪತ್ರ ಬರೆದಿದ್ದರು. ಆರ್ವೆಲ್ ಹಿಂಜರಿಯಲಿಲ್ಲ. 1946ರ ವಸಂತದಲ್ಲಿ ಅದೇ ಪತ್ರಿಕೆಗೆ ನೆಲಗಪ್ಪೆಯ ಬಗ್ಗೆ ಇಡೀ ಪ್ರಬಂಧವನ್ನೇ ಕೊಟ್ಟರು.

ರಾಜಕೀಯ ಬರೆಯುವವರ ಕಷ್ಟವೊಂದಿದೆ. ಅವರ ವಿಷಯವನ್ನು ಬಹುಪಾಲು ಬೇರೆಯವರೇ ಆರಿಸುತ್ತಾರೆ. ಒಬ್ಬ ನಾಯಕರು ಬೆಳಿಗ್ಗೆ ಏನೋ ಅಂದರೆ ಸಂಜೆಯೊಳಗೆ ಅದಕ್ಕೆ ಉತ್ತರ ಸಿದ್ಧವಾಗಬೇಕು. ಮರುದಿನ ಇನ್ನೊಬ್ಬರು ಇನ್ನೊಂದು ಅನ್ನುತ್ತಾರೆ. ಯಾವುದರ ಬಗ್ಗೆ ಯಾರೂ ಹೇಳಿಕೆ ಕೊಡುವುದಿಲ್ಲವೋ ಅದು ಬರಹಗಾರರ ಕಣ್ಣಿಗೆ ಬೀಳುವುದೇ ಇಲ್ಲ. ಉತ್ತರ ಬೆಂಗಳೂರಿನಲ್ಲಿ ಅಂಥದ್ದು ರಾಶಿಯಾಗಿದೆ.

ಹೆಬ್ಬಾಳವನ್ನೇ ನೋಡಿ. ಮೇಲ್ಸೇತುವೆಯ ವಾಹನ ದಟ್ಟಣೆಯ ಬಗ್ಗೆ ಬಂದಿರುವ ಹೇಳಿಕೆಗಳಿಗೆ ಲೆಕ್ಕವಿಲ್ಲ. ಆ ಊರಿನಲ್ಲಿ 2018ರಲ್ಲಿ ಚರಂಡಿಗಾಗಿ ನೆಲ ಅಗೆದಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಊರಿನ ಮೇಲೆ ದಾಳಿಯಾದಾಗ ಕಾದಾಡಿ ಸತ್ತ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಹೆಬ್ಬಾಳ ಆಗ ಪೆರ್ಬೊಳಲು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದು ಎಲ್ಲಕ್ಕಿಂತ ಹಳೆಯದು. ‘ಬೆಂಗಳೂರು’ ಎಂಬ ಹೆಸರಿರುವ ಬೇಗೂರಿನ ಕಲ್ಲಿಗಿಂತ ಸುಮಾರು ಒಂದೂವರೆ ಶತಮಾನ ಹಿಂದಿನದು. ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ ಪ್ರಕಟಿಸಿದಾಗ ಈ ಕಲ್ಲು ಇನ್ನೂ ಮಣ್ಣಿನಡಿಯಲ್ಲೇ ಇತ್ತು. ಇದನ್ನು ಕಾಪಾಡುವ ಕೆಲಸದಲ್ಲಿ ಹಲವರು, ಬೇರೆ ಉದ್ಯೋಗಗಳ ನಡುವೆ, ತಮ್ಮ ರಜಾದಿನಗಳನ್ನು ಕೊಟ್ಟಿದ್ದಾರೆ. ನಗರದ ಶಾಸನಗಳ ತ್ರೀಡಿ ಪ್ರತಿ ತೆಗೆಯುವ ಕೆಲಸವನ್ನು ಮಿಥಿಕ್ ಸೊಸೈಟಿ ನಡೆಸುತ್ತ ಬಂದಿದೆ. ಹೆಬ್ಬಾಳದ ಕಲ್ಲಿನಲ್ಲಿ ದೊರೆಯ ಹೆಸರು ಕಾಲ ತಿಳಿಸಲು, ಕಿತ್ತಯ್ಯನ ಹೆಸರು ನೆನಪಿಗೆ: ಆ ಊರಿನವರು ತಮ್ಮ ಕಾಲವನ್ನು ಹೀಗೆ ದಾಖಲಿಸಿದರು.

ಜಕ್ಕೂರು ಕೆರೆಯದು ಇನ್ನೊಂದು ಕಥೆ. ಅಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಕೆಲಸ ಮಾಡಿತು. ಘಟಕದಿಂದ ಹೊರಬಂದ ನೀರು ನೇರ ಕೆರೆಗೆ ಬೀಳದೆ ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾಯುತ್ತದೆ. ಉಳಿದ ಸಾರಜನಕ, ರಂಜಕವನ್ನು ಗಿಡಗಳು ಹೀರಿಕೊಳ್ಳುತ್ತವೆ. ಆಮೇಲೆ ಕೆರೆ, ಮೀನು, ಮೀನುಗಾರರ ಬಲೆ. ಕೆರೆ ತುಂಬಿದ್ದರೆ ಸುತ್ತಲಿನ ಬಾವಿಗಳಲ್ಲೂ ನೀರು. ಚರಂಡಿ ನೀರಿನಿಂದ ಕೆರೆ ಕೆಟ್ಟ ಸುದ್ದಿಗಳ ನಡುವೆ, ಚರಂಡಿ ನೀರೇ ಕೆರೆಯನ್ನು ಉಳಿಸಿದ ಈ ಉದಾಹರಣೆಯನ್ನು ಪ್ರತಿಯೊಬ್ಬ ಮತದಾರನೂ ತಿಳಿದಿರಬೇಕು. ಘಟಕ ನಿಂತರೆ, ಇಲ್ಲವೇ ಹಸಿ ಕೊಳಚೆ ನುಗ್ಗಿದರೆ ಸರಣಿಯೇ ಮುರಿಯುತ್ತದೆ. ಹಾಗಾಗಿ ನಿರ್ವಹಣೆಯ ಹಣ ಯಾರು ಕೊಡುತ್ತಾರೆ, ಯಾರು ನಿಗಾ ಇಡುತ್ತಾರೆ ಎಂದು ಕೇಳಲೇಬೇಕಾಗುತ್ತದೆ.

ಯಲಹಂಕದ ಪುಟ್ಟೇನಹಳ್ಳಿ ಕೆರೆಗೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಿನ ಮಾನ್ಯತೆ ಸಿಕ್ಕಿತು. ಹೆಬ್ಬಾಳದಲ್ಲಿ 1899ರಲ್ಲಿ ರಾಜಪ್ರತಿನಿಧಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಕೃಷಿ ಪ್ರಯೋಗ ಶುರುವಾಯಿತು. ಮಣ್ಣಿನ ಪರೀಕ್ಷೆಗೆ ವಿಜ್ಞಾನಿ ಲೆಹ್ಮನ್ ನೇಮಕಗೊಂಡರು. ಇವೆರಡಕ್ಕೂ ಲೇಖಕರು ಪ್ರತ್ಯೇಕ ಬರಹ ಮೀಸಲಿಟ್ಟಿದ್ದಾರೆ.

ಮಾಲೆಯ ಮೊದಲ ಲೇಖನ, ಕಿತ್ತಯ್ಯನ ಕಲ್ಲಿನ ಬಗ್ಗೆ, ಈ ಸಂಚಿಕೆಯಲ್ಲೇ ಇದೆ. ರಾಜಕೀಯಕ್ಕೆ ಯಾವಾಗ ಮರಳಬೇಕೆಂದು ಲೇಖಕರೇ ನಿರ್ಧರಿಸುತ್ತಾರೆ; ಪತ್ರಿಕೆ ಅವಸರ ಮಾಡುವುದಿಲ್ಲ. ತೆರವಾದ ಪುಟದಲ್ಲಿ ಓದುಗರ ಬರಹಗಳು ಬರಲಿವೆ. ಯಶವಂತಪುರ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರದವರು ತಮ್ಮ ವಾರ್ಡಿನ ಆಡಳಿತದ ಬಗ್ಗೆ, ಯಾರ ಹೇಳಿಕೆಗೂ ಕಾಯದೆ, ತಾವೇ ಕಂಡದ್ದನ್ನು ಬರೆದು ಕಳಿಸಲಿ.